ಎರಡು ಪಾಳಿಯ ಗಿಟಾರು

ಪೀಣ್ಯದ ರಸ್ತೆಗಳ ನೆತ್ತಿಯ ಮೇಲೆ ಮೆಟ್ರೊ ಇನ್ನೂ ಓಡಾಡದಿದ್ದ ಕಾಲ. ಆಗ ನಮ್ಮೂರಿಗೆ ಎರಡು ವಾಸನೆಗಳಿದ್ದವು. ಬೆಳಿಗ್ಗೆ ಕೊಟ್ಟಿಗೆಯ ಗಂಜಲದ್ದು, ಮಧ್ಯಾಹ್ನ ಗಾಳಿ ತಿರುಗಿದರೆ ಲೇತ್ ಮಷೀನುಗಳ ಸುಟ್ಟ ಎಣ್ಣೆಯದು. ಹೊಲಗಳೆಲ್ಲ ಫ್ಯಾಕ್ಟರಿಗಳಾಗಿ, ಊರು ಅನ್ನುವುದಕ್ಕೆ ಮಾರಮ್ಮನ ಗುಡಿ, ಒಂದು ಅರಳಿಕಟ್ಟೆ ಮತ್ತು ಜಗಳಗಳು ಮಾತ್ರ ಉಳಿದಿದ್ದವು. ನಾವು ಮಕ್ಕಳು ಗುಜರಿ ಬೇರಿಂಗುಗಳಿಗೆ ಹಲಗೆ ಬಡಿದು ಗಾಡಿ ಮಾಡಿಕೊಂಡು ಇಳಿಜಾರಿನಲ್ಲಿ ಬಿಡುತ್ತಿದ್ದೆವು. ಲೇತಿನಿಂದ ಉದುರಿದ ಕಬ್ಬಿಣದ ಸುರುಳಿಗಳನ್ನು ನಾವು ಹುಡುಗಿಯರು ಬಳೆ ಎಂದು ತೊಟ್ಟು, ಕೈ ಕುಯ್ದುಕೊಂಡು, ಮನೆಗೆ ಹೋಗಿ ಒದೆ ತಿನ್ನುತ್ತಿದ್ದೆವು.

ನಮ್ಮ ಮನೆ ಹೊರಗಿನಿಂದ ನೋಡಿದರೆ ಒಂದೇ, ಒಳಗೆ ಭಾಗವಾಗಿತ್ತು. ಎಡಗಡೆ ದೊಡ್ಡಪ್ಪನ ಸಂಸಾರ, ಬಲಗಡೆ ನಾವು. ನಡುವಿನ ಉದ್ದನೆಯ ಕೋಣೆ ಅಜ್ಜಿಯದು. ಅದಕ್ಕೆ ಎರಡೂ ಕಡೆಗೆ ಒಂದೊಂದು ಬಾಗಿಲು. ದೊಡ್ಡಪ್ಪ ಮತ್ತು ಅಪ್ಪ ಮಾತು ಬಿಟ್ಟಿದ್ದರು. ಯಾವಾಗಿನಿಂದ ಎಂದು ಕೇಳಿದರೆ ಅಮ್ಮ, “ನೀನು ಹುಟ್ಟೋಕ್ ಮುಂಚೆಯಿಂದ,” ಅನ್ನುತ್ತಿದ್ದಳು. ಯಾಕೆ ಎಂದರೆ ಹಿತ್ತಲ ತೆಂಗಿನಮರ ತೋರಿಸುತ್ತಿದ್ದಳು. ಅದರ ಬುಡ ನಮ್ಮ ಭಾಗದಲ್ಲಿತ್ತು, ತಲೆ ದೊಡ್ಡಪ್ಪನ ಭಾಗಕ್ಕೆ ವಾಲಿತ್ತು. ನೀರು ಹಾಕುವವರು ನಾವು, ಕಾಯಿ ಬೀಳುತ್ತಿದ್ದದ್ದು ಅವರ ಅಂಗಳದಲ್ಲಿ. ಇಷ್ಟಕ್ಕೆ ಇಬ್ಬರು ಒಡಹುಟ್ಟಿದವರು ವರ್ಷಾನುಗಟ್ಟಲೆ ಒಬ್ಬರ ಮುಖ ಒಬ್ಬರು ನೋಡದೆ ಇರಬಲ್ಲರೇ ಎಂದು ನಮಗೆ ಆಗ ಅನ್ನಿಸಲಿಲ್ಲ. ನಮಗೆ ಅದು ಮಳೆ ಬಿಸಿಲಿನಷ್ಟೇ ಸಹಜವಾಗಿತ್ತು.

ಮಾತು ಬಿಟ್ಟವರ ಮನೆಯಲ್ಲಿ ಬೆಳೆದವರಿಗೆ ಗೊತ್ತಿರುತ್ತದೆ, ಅಂಥಲ್ಲಿ ಮಾತೇನೂ ಕಡಿಮೆಯಾಗುವುದಿಲ್ಲ. ಸುತ್ತು ಬಳಸಿ ಹೋಗುತ್ತದೆ, ಅಷ್ಟೆ. ನಮ್ಮ ಮನೆಯಲ್ಲಿ ಅದು ಅಜ್ಜಿಯ ಮೂಲಕ ಹೋಗುತ್ತಿತ್ತು. “ಎಡಗಡೆಯವರಿಗೆ ಹೇಳವ್ವಾ, ಅವರ ನೀರು ನಮ್ಮ ಹಿತ್ತಲಿಗೆ ಹರೀತಿದೆ.” “ಬಲಗಡೆಯವನಿಗೆ ಹೇಳು, ಕಣ್ಣಿದ್ರೆ ಬಚ್ಚಲಿನ ಇಟ್ಟಿಗೆ ನೆಟ್ಟಗೆ ಇಟ್ಕೊಳ್ಳಲಿ ಅಂತ.” ಅಜ್ಜಿ ಎಲೆ ಅಡಿಕೆ ಅಗಿಯುತ್ತ ಈ ಬಾಗಿಲಿನಿಂದ ಆ ಬಾಗಿಲಿಗೆ ಹೋಗಿ ಒಪ್ಪಿಸಿ ಬರುತ್ತಿದ್ದಳು. ಮಕ್ಕಳ ಕೈಲಿ ಹೇಳಿಕಳಿಸಲು ಮಾತ್ರ ಬಿಡುತ್ತಿರಲಿಲ್ಲ. “ದೊಡ್ಡೋರ ಇಸ ಎಳೇ ನಾಲಗೆ ಮ್ಯಾಲೆ ಇಡಬಾರ್ದು,” ಎಂಬುದು ಅವಳ ಕಟ್ಟಳೆ. ಆದರೆ ಅವಳ ಕಿವಿ ಅಷ್ಟಕ್ಕಷ್ಟೆ. ಇತ್ತಲಿಂದ ಹೊರಟ ಮಾತು ಅತ್ತ ತಲುಪುವಾಗ ಸ್ವಲ್ಪ ಬೇರೆಯೇ ಆಗಿರುತ್ತಿತ್ತು.

ಆ ವರ್ಷ ದಸರಾ ಹತ್ತಿರ ಬಂದಾಗ ನಮ್ಮ ಬೀದಿಯ ಕನ್ನಡ ಸಂಘದ ಹುಡುಗರು ಮನೆಗೆ ಬಂದರು. ರಾಜ್ಯೋತ್ಸವಕ್ಕೆ ಹೊರಗಿನಿಂದ ಆರ್ಕೆಸ್ಟ್ರಾ ಕರೆಸುವುದು ಬೇಡ, ಊರಿನವರೇ ಹಾಡಿ ಬಾರಿಸಲಿ ಎಂದು ಅವರು ತೀರ್ಮಾನಿಸಿದ್ದರು. ಡೋಲಕ್ಕು ಸಿಕ್ಕಿತ್ತು, ಕೀಬೋರ್ಡು ಸಿಕ್ಕಿತ್ತು.

“ಅಜ್ಜಿ, ನಿಮ್ಮ ಮನೇಲಿ ಕರೆಂಟ್ ಗಿಟಾರ್ ಐತಂತಲ್ಲ?” ಎಂದು ಅವರಲ್ಲಿ ಒಬ್ಬ ಕೇಳಿದ.

ಇತ್ತು. ಜಾಲಹಳ್ಳಿ ಕಡೆಯ ಮಿಲಿಟರಿ ಕ್ವಾರ್ಟರ್ಸಿನಲ್ಲಿದ್ದ ಬ್ಯಾಂಡಿನವರೊಬ್ಬರು ವರ್ಗವಾಗಿ ಹೋಗುವಾಗ ತಾತ ಅವರಿಂದ ತೆಗೆದುಕೊಂಡಿದ್ದ ಜಪಾನ್ ಗಿಟಾರು. ಯಾವ ಮಗನಿಗೆ ಎಂದು ತಾತ ಹೇಳಿರಲಿಲ್ಲ. ದೊಡ್ಡಪ್ಪ ಅದನ್ನು ಹೆಗಲಿಗೆ ಹಾಕಿಕೊಂಡು ಆರ್ಕೆಸ್ಟ್ರಾ ಜೊತೆ ಊರೂರು ತಿರುಗಿದ್ದರು. ಅವರು ಇಲ್ಲದಾಗ ಕದ್ದು ಕಲಿತ ಅಪ್ಪ ಅವರಿಗಿಂತ ಚೆನ್ನಾಗಿ ನುಡಿಸುತ್ತಿದ್ದರಂತೆ. ಇದು ಅಮ್ಮನ ಹೇಳಿಕೆ. ದೊಡ್ಡಮ್ಮನನ್ನು ಕೇಳಿದ್ದರೆ ಬೇರೆ ಹೇಳುತ್ತಿದ್ದಳು. ಭಾಗವಾದಾಗ ಕೊಳಗ, ಒನಕೆ, ಕೊನೆಗೆ ತಾತನ ಛತ್ರಿಯೂ ಪಾಲಾಯಿತು. ಗಿಟಾರನ್ನು ಮಾತ್ರ ಅಜ್ಜಿ ಕಂಬಳಿಯಲ್ಲಿ ಸುತ್ತಿ ತನ್ನ ಅಟ್ಟದ ಮೇಲೆ ಇಟ್ಟುಬಿಟ್ಟಳು.

ಈಗ ಇಳಿಸಿದಳು. ನಾನು ನೋಡಿದ್ದು ಅದೇ ಮೊದಲು. ಕೆಂಪು ಬಣ್ಣ ಮೊಣಕೈ ತಾಗುವ ಕಡೆ ಸವೆದು ಒಳಗಿನ ಮರ ಹಲ್ಲು ಬಿಟ್ಟಿತ್ತು. ಹಿಂಬದಿಗೆ ಬೆಲ್ಟಿನ ಬಕಲ್ ಉಜ್ಜಿ ಗೀರುಗಳು. ವಾಲ್ಯೂಮ್ ತಿರುಗಿಸುವ ಗುಂಡಿಯ ಜಾಗದಲ್ಲಿ ಟೂತ್‌ಪೇಸ್ಟಿನ ಮುಚ್ಚಳ. ತಂತಿಗಳು ತುಕ್ಕು ಹಿಡಿದು, ಮುಟ್ಟಿದರೆ ಬೆರಳು ಕಂದು ಆಗುತ್ತಿತ್ತು. ಹಳೆಯ ಮರ, ಇಲಿಹಿಕ್ಕೆ, ಬೀಡಿ ಎಲ್ಲ ಕಲಸಿದ ಒಂದು ವಾಸನೆ.

ಅಜ್ಜಿ ಎರಡೂ ಬಾಗಿಲು ತೆರೆದಿಟ್ಟು, ಎರಡೂ ಕಡೆಗೆ ಕೇಳುವಂತೆ ಹೇಳಿದಳು: “ನೋಡ್ರಪ್ಪಾ, ಇದು ನನ್ ಪಾಲು. ಇಬ್ರೂ ಕೈ ಆಕಿ ಸರಿ ಮಾಡಿದ್ರೆ ಸಂಗದೋರಿಗೆ ಕೊಡ್ತೀನಿ. ಒಬ್ಬನೇ ಮುಟ್ಟಿದ್ರೆ ಒಲೆಗೆ ಆಕ್ತೀನಿ.”

ಅವಳ ಪಕ್ಕದಲ್ಲಿ ಮಲಗುತ್ತಿದ್ದವಳು ನಾನು. ಅವತ್ತು ಹೊದಿಕೆ ಎಳೆದುಕೊಳ್ಳುತ್ತ ಕೇಳಿದೆ: “ಅಜ್ಜಿ, ನಿಂಗೆ ಗಿಟಾರ್ ಕೇಳೋಕೆ ಅಷ್ಟು ಆಸೆನಾ?”

“ಗಿಟಾರೂ ಬ್ಯಾಡ ಪಿಟೀಲೂ ಬ್ಯಾಡ ಕೂಸೇ. ಅದರ ನೆಪದಾಗಾದ್ರೂ ಒಬ್ಬನಿಗೊಬ್ಬ ‘ಲೋ’ ಅನ್ಲಿ. ಅಷ್ಟು ಕೇಳುಸ್ಕಂಡ್ರೆ ಸಾಕು.”

ಇಬ್ಬರೂ ಒಪ್ಪಿದರು, ಮತ್ತೊಬ್ಬನಿಗೆ ಸಿಗಬಾರದು ಎಂಬ ಹಟಕ್ಕೆ. ಒಟ್ಟಿಗೆ ಕೂರುವ ಪ್ರಶ್ನೆಯೇ ಇರಲಿಲ್ಲ. ದೊಡ್ಡಪ್ಪ ಬಸ್ ಬಾಡಿ ಕಟ್ಟುವ ಕಾರ್ಖಾನೆಯಲ್ಲಿ ಸ್ಪ್ರೇ ಪೇಂಟರ್, ಬೆಳಗಿನ ಪಾಳಿ. ಅಪ್ಪ ಮೋಟಾರ್ ವೈಂಡಿಂಗ್ ಮಾಡುವವರು, ಮಧ್ಯಾಹ್ನದ ಪಾಳಿ. ಗಿಟಾರಿಗೂ ಹಾಗೆಯೇ ಪಾಳಿ ಬಿತ್ತು. ಬೆಳಿಗ್ಗೆ ಅಪ್ಪ ಅಜ್ಜಿಯ ಕೋಣೆಗೆ ಬಂದು ಅದರ ಹೊಟ್ಟೆ ಬಿಚ್ಚುತ್ತಿದ್ದರು. ಸಂಜೆ ದೊಡ್ಡಪ್ಪ ಬಂದು ಮೈ ತಿಕ್ಕುತ್ತಿದ್ದರು. ಒಬ್ಬರು ಮಾಡಿಟ್ಟ ಕೆಲಸ ನೋಡಿ ಇನ್ನೊಬ್ಬರು ಉಗಿಯದ ದಿನವಿಲ್ಲ.

“ಯಾವನವ್ವಾ ಇದನ್ನ ತಿಕ್ಕಿದ್ದು? ಮರದ ಪುಡಿ ಎಲ್ಲಾ ಒಳಗೆ ತುಂಬವ್ನೆ. ಇದೇನ್ ಬಸ್ಸಿನ ಬಾನೆಟ್ಟಾ?”

“ಬಲಗಡೆಯವನಿಗೆ ಹೇಳವ್ವಾ, ಬೆಸುಗೆ ಕಡ್ಡಿ ತಾಗಿಸಿ ಮೈ ಸುಟ್ಟವ್ನೆ. ಮಕ್ಕಳಿಗೆ ಬರೆ ಹಾಕೋ ಕೈ ಅಲ್ವಾ, ಇನ್ನೇನು ಮಾಡುತ್ತೆ.”

ತಂತಿಗಳ ಕೆಳಗೆ ಕೂದಲಿಗಿಂತ ಸಣ್ಣ ತಾಮ್ರದ ತಂತಿ ಸುತ್ತಿದ ಒಂದು ಕಾಯಿಲ್ ಇರುತ್ತದೆ. ಗಿಟಾರಿನ ದನಿ ಹಿಡಿಯುವುದೇ ಅದು. ಅಪ್ಪ ಬಿಚ್ಚಿ ನೋಡಿ, “ಕಾಯಿಲ್ ಹೋಗಿದೆ ಅಂತ ಹೇಳವ್ವಾ. ಅದಾಗೋವರೆಗೂ ಬಣ್ಣ ಮುಟ್ಟಬಾರ್ದು,” ಎಂದರು. ಅಜ್ಜಿ ಎಡಗಡೆ ಬಾಗಿಲಿಗೆ ಹೋಗಿ, “ಕಾಯಿಲೆ ಓಗೈತಂತೆ ಕಣ್ಲಾ, ಒಳ್ಳೇದಾಯ್ತು, ಬಣ್ಣ ಒಡಿ,” ಎಂದಳು.

ದೊಡ್ಡಪ್ಪ ಹೊಡೆದೇ ಬಿಟ್ಟರು. ಗಿಟಾರನ್ನು ಕಾರ್ಖಾನೆಗೆ ಹೊತ್ತುಕೊಂಡು ಹೋಗಿ, ರಾಜ್ಯೋತ್ಸವಕ್ಕೆ ಅಲ್ಲವೇ ಎಂದು ಮೇಲರ್ಧ ಅರಿಶಿನ, ಕೆಳಗರ್ಧ ಕುಂಕುಮ ಬಣ್ಣ ಬಳಿದು, ಮೇಲೆ ಬಸ್ಸಿಗೆ ಹೊಡೆಯುವ ವಾರ್ನಿಷ್ ಎರಚಿ ತಂದರು. ಕೋಣೆಯೆಲ್ಲ ತಿನ್ನರ್ ವಾಸನೆ. ನಮ್ಮ ಅವರೆಕಾಳು ಸಾರಿಗೂ ಅದೇ ರುಚಿ ಬಂತು.

ಬೆಳಿಗ್ಗೆ ಅಪ್ಪ ಬಾಗಿಲಲ್ಲಿ ನಿಂತವರು ನಿಂತೇ ಇದ್ದರು. “ಅಯ್ಯೋ ನಿನ್ ಕೈ ಸೇದೋಗ. ಆ ಹಳೇ ಕೆಂಪು ಇನ್ನು ಹುಟ್ಟುತ್ತಾ? ಇದೇನ್ ಆಟೋ ಸ್ಟ್ಯಾಂಡಿನ ಕಂಬವಾ?”

ಸಂಜೆ ಉತ್ತರ ಬಂತು. “ಬಾವುಟದ ಬಣ್ಣ ಬೇಡ ಅನ್ನೋನು ಸಂಘದ ಹುಡುಗರ ಮುಂದೆ ನಿಂತು ಅನ್ನಲಿ ಅಂತ ಹೇಳವ್ವಾ. ನಾನೂ ನೋಡೇ ಬಿಡ್ತೀನಿ.”

ಅಪ್ಪ ಹಲ್ಲು ಕಚ್ಚಿಕೊಂಡು ಕಾಯಿಲ್ ಸುತ್ತಲು ಕೂತರು. ಅಮ್ಮನ ಹೊಲಿಗೆ ಮಷೀನಿನ ಬಾಬಿನ್ ಸುತ್ತುವ ಜಾಗಕ್ಕೆ ಅದನ್ನು ಸಿಕ್ಕಿಸಿ, ನನಗೆ ಪೆಡಲ್ ತುಳಿಯಲು ಹೇಳಿ, ಎರಡು ಬೆರಳ ನಡುವೆ ತಂತಿ ಹಿಡಿದು ಉಸಿರು ಬಿಗಿಹಿಡಿಯುತ್ತಿದ್ದರು. ತಂತಿ ತುಂಡಾದಾಗಲೆಲ್ಲ ಬೈಗುಳ ಎಡಗಡೆಯ ಗೋಡೆಗೆ. ಅತ್ತಲಿಂದ ದೊಡ್ಡಮ್ಮ ಬೇಕೆಂದೇ ಒಗ್ಗರಣೆಗೆ ಮೆಣಸಿನಕಾಯಿ ಹಾಕಿ ನಮ್ಮನ್ನು ಕೆಮ್ಮಿಸುತ್ತಿದ್ದಳು. ಅಮ್ಮ ಸುಮ್ಮನಿರುವವಳಲ್ಲ, ಮಾರನೇ ದಿನ ಇನ್ನೂ ನಾಲ್ಕು ಮೆಣಸಿನಕಾಯಿ ಸೇರಿಸುತ್ತಿದ್ದಳು.

ಕಡೆಗೆ ಒಂದು ಬೆಳಿಗ್ಗೆ ಅಪ್ಪ ಹೊಸ ತಂತಿ ಕಟ್ಟಿ, ದೊಡ್ಡಪ್ಪ ಅಜ್ಜಿಯ ಕೋಣೆಗೆ ತಂದಿಟ್ಟಿದ್ದ ತಮ್ಮ ಹಳೆಯ ಆಂಪ್ಲಿಫೈಯರಿಗೆ ಗಿಟಾರು ಸಿಕ್ಕಿಸಿ ಮೀಟಿದರು. ದನಿ ಬಂತು. ಅಜ್ಜಿಯ ಕೋಣೆಯ ಹಿತ್ತಾಳೆ ಚೆಂಬುಗಳು ಝುಮ್ಮೆಂದವು. ನಾನು ಕುಣಿದೆ. ಅಪ್ಪ ಮಾತ್ರ ಕೈ ಕೊಡವಿಕೊಂಡರು, ಒದ್ದೆ ನೆಲದ ಮೇಲೆ ನಿಂತಿದ್ದರಿಂದ ಜುಮುಗುಟ್ಟಿತ್ತು. ಆಂಪ್ಲಿಫೈಯರಿನ ಪ್ಲಗ್ ಕಿತ್ತು ನೋಡಿದರು. ಎರಡೇ ಪಿನ್ನಿನದು, ಕರೆಂಟನ್ನು ನೆಲಕ್ಕೆ ಇಳಿಸುವ ತಂತಿಯೇ ಇಲ್ಲ. ಆ ತಂತಿಗೆ ನಮ್ಮ ಕಡೆ ಅರ್ಥ್ ಅನ್ನುತ್ತಾರೆ.

“ಅವ್ವಾ, ಇದನ್ನ ಸರಿಯಾಗಿ ಹೇಳು. ಅರ್ಥ್ ಇಲ್ಲ. ಮೊದಲು ಅರ್ಥ್ ಮಾಡಿಸ್ಕೊಂಡು ಆಮೇಲೆ ಬಾರಿಸಬೇಕಂತೆ ಅನ್ನು. ಮರೀಬೇಡ.”

ಅಜ್ಜಿ ಮರೆಯಲಿಲ್ಲ. ಸಂಜೆ ದೊಡ್ಡಪ್ಪ ಬಂದು ಕೂತ ತಕ್ಷಣ ಒಪ್ಪಿಸಿದಳು: “ನೀನು ಬಾರ್ಸೋದ್ರಲ್ಲಿ ಅರ್ತ ಇಲ್ವಂತೆ ಕಣಪ್ಪ. ಮೊದ್ಲು ಅರ್ತ ಮಾಡ್ಕಂಡು ಆಮ್ಯಾಕೆ ಬಾರಿಸ್ಬೇಕಂತೆ.”

ದೊಡ್ಡಪ್ಪನ ಕಿವಿ ಕೆಂಪಾಯಿತು. “ಹಂಗಂದನಾ? ನನ್ನ ಬೆನ್ನಹಿಂದೆ ಕದ್ದು ಕಲಿತ ನನ್ಮಗ ನನಗೆ ಅರ್ಥ ಹೇಳ್ಕೊಡ್ತಾನಾ? ಅವನ ಬಾಳಿಗೇ ಅರ್ಥ ಇಲ್ಲ ಅಂತ ಹೇಳು ಹೋಗು!”

ರಾತ್ರಿ ಅಪ್ಪ ಪಾಳಿ ಮುಗಿಸಿ ಬಂದಾಗ ಅದು ಮಾತ್ರ ಅಕ್ಷರ ಬಿಡದೆ ಬಲಗಡೆ ಬಾಗಿಲಿಗೆ ತಲುಪಿತು. ಅಪ್ಪ ಅನ್ನದ ತಟ್ಟೆ ಸರಿಸಿ ಎದ್ದರು. “ಸಾಯಲಿ ಬಿಡು,” ಎಂದರು.

ರಾಜ್ಯೋತ್ಸವದ ದಿನ ಮಧ್ಯಾಹ್ನ. ಅರಳಿಕಟ್ಟೆಯ ಮುಂದೆ ಶಾಮಿಯಾನ, ಮರದ ಹಲಗೆಯ ಸ್ಟೇಜು. ಬೆಳಿಗ್ಗೆ ಬಾವುಟ ಹಾರಿಸಿದಾಗ ಎರಚಿದ ನೀರು ಇನ್ನೂ ಆರಿರಲಿಲ್ಲ. ಮೈಕ್‌ಸೆಟ್ಟಿನ ಬಾಷಣ್ಣ ಅರಳಿಕಟ್ಟೆಯಿಂದ ನಮ್ಮ ಮನೆಯ ತಿರುವಿನವರೆಗೂ ಕಂಬ ಕಂಬಕ್ಕೆ ಹಾರ್ನ್ ಕಟ್ಟಿದ್ದ. ಆರ್ಕೆಸ್ಟ್ರಾದಲ್ಲಿ ತಿರುಗಿದವರೆಂದು ಸಂಘದವರು ಬಾರಿಸಲು ದೊಡ್ಡಪ್ಪನನ್ನೇ ಗೊತ್ತುಮಾಡಿದ್ದರು. ಸಂಜೆಗೆ ಮುಂಚೆ ದನಿ ನೋಡಿಕೊಳ್ಳಲು ದೊಡ್ಡಪ್ಪ ತಮ್ಮ ಆಂಪ್ಲಿಫೈಯರ್ ತಂದಿಟ್ಟು, ಅರಿಶಿನ ಕುಂಕುಮದ ಗಿಟಾರು ತೊಟ್ಟು, ಬರಿಗಾಲಲ್ಲಿ ಸ್ಟೇಜು ಹತ್ತಿದರು. ನಾವು ಮಕ್ಕಳು ಖುರ್ಚಿಗಳ ನಡುವೆ ಓಡಾಡುತ್ತಿದ್ದೆವು. ಅಪ್ಪನೂ ಬಂದಿದ್ದರು. ಶಾಮಿಯಾನದ ಕಂಬಕ್ಕೆ ಒರಗಿ, ಬೇರೆ ಯಾವುದೋ ಕೆಲಸಕ್ಕೆ ಬಂದವರಂತೆ ಆಕಾಶ ನೋಡುತ್ತಿದ್ದರು.

ದೊಡ್ಡಪ್ಪ ಒಂದು ಸಲ ಮೀಟಿದರು. ಚೆನ್ನಾಗಿ ಬಂತು. ಅಪ್ಪನ ಕಡೆಗೊಮ್ಮೆ ನೋಡಿ ನಕ್ಕು, ಎಡಗೈ ತಂತಿಯ ಮೇಲಿರುವಂತೆಯೇ ಬಲಗೈಯಿಂದ ಮೈಕು ಹಿಡಿದು “ಹಲೋ” ಅನ್ನಲು ಬಾಯಿ ತೆರೆದರು.

‘ಹ’ ಅಷ್ಟೇ ಬಂತು. ಮೈಯೆಲ್ಲ ಸೆಟೆದು, ಕಣ್ಣು ಮೇಲಾಗಿ, ಹಿಡಿದ ಮೈಕು ಬಿಡಲಾರದೆ ಗಡಗಡ ನಡುಗತೊಡಗಿದರು. ಹಾರ್ನುಗಳಲ್ಲಿ ಹೋರಿ ಕೂಗಿದಂಥ ದನಿ. ನಾವೆಲ್ಲ ಕುಣಿತ ಎಂದುಕೊಂಡು ಚಪ್ಪಾಳೆ ತಟ್ಟಿದೆವು.

“ಲೋ ಅಣ್ಣಾ!”

ಅಪ್ಪನ ದನಿ. ಖುರ್ಚಿಗಳನ್ನು ಉರುಳಿಸಿಕೊಂಡು ಓಡಿ, ಆಂಪ್ಲಿಫೈಯರಿನ ವೈರು ಹಿಡಿದು ಪ್ಲಗ್ ಕಿತ್ತೆಸೆದರು. ದೊಡ್ಡಪ್ಪ ಸ್ಟೇಜಿನ ಮೇಲೆ ಕುಕ್ಕರಿಸಿದರು. ಮೈಕು ಅವರ ಮಗ್ಗುಲಿಗೇ ಉರುಳಿಬಿತ್ತು. ಅದು ಬಾಷಣ್ಣನ ಲೈನಿನದು, ಇನ್ನೂ ಜೀವಂತವಾಗಿತ್ತು.

“ಅರ್ಥ್ ಇಲ್ಲ ಅಂತ ಹೇಳಿ ಕಳಿಸಿರ್ಲಿಲ್ವೇನೋ? ಸತ್ತೇ ಹೋಗ್ತಿದ್ಯಲ್ಲೋ!” ಎಂದು ಅಪ್ಪ ಕಿರುಚಿದ್ದು ಕಂಬ ಕಂಬದಲ್ಲೂ ಕೇಳಿಸಿತು.

ದೊಡ್ಡಪ್ಪನಿಗೆ ಉಸಿರು ಬಂದದ್ದೇ ಬಯ್ಯಲು. “ಲೋ, ಅರ್ಥ ಇಲ್ಲ ಅಂದೋನು ನೀನು!”

“ಅರ್ಥ ಅಲ್ಲ, ಅರ್ಥ್! ವೈರು! ನೆಲಕ್ಕೆ ಹೋಗೋ ವೈರು!”

“ಯಾರೋ ವೈರಿ? ನಾನೇನೋ ವೈರಿ?”

“ಹೂಂ ಕಣೋ, ನೀನೇ! ಬಸ್ಸಿಗೆ ಬಣ್ಣ ಬಳಿಯೋನಿಗೆ ಗಿಟಾರ್ ಯಾಕೋ?”

ಇಬ್ಬರೂ ಒಬ್ಬರ ಕೊರಳುಪಟ್ಟಿ ಒಬ್ಬರು ಹಿಡಿದುಕೊಂಡರು. ಬಿಡಿಸಬಲ್ಲವಳು ಅಜ್ಜಿ ಒಬ್ಬಳೇ. ಮನೆಗೆ ಓಡಿದೆ. ನನ್ನ ಜೊತೆಗೆ ಜಗಳವೂ ಓಡಿತು. ರೇಷನ್ ಅಂಗಡಿಯ ಕಂಬದಲ್ಲಿ ತೆಂಗಿನಮರ, ಬುಡ ಯಾರದು, ತಲೆ ಯಾರದು. ಸಲೂನಿನ ಕಂಬದಲ್ಲಿ ಬಚ್ಚಲಿನ ಇಟ್ಟಿಗೆ. ಅರ್ಧ ಶೇವಿಂಗ್ ಆದವನೊಬ್ಬ ನೊರೆಮುಖದಲ್ಲೇ ಹೊರಗೆ ಬಂದು ನಗುತ್ತಿದ್ದ. “ಏನ್ ಗುರು, ರಾಜ್ಯೋತ್ಸವ ಸಕ್ಕತ್ತಾಗಿದೆ!” ಎಂದ. ಬಾಡಿಗೆ ಕೋಣೆಗಳ ಬಾಗಿಲಲ್ಲಿ ಬಟ್ಟೆ ಒಗೆಯುತ್ತಿದ್ದ ರಾಯಚೂರಿನ ಅಕ್ಕಂದಿರು ಬಾಯಿಗೆ ಸೆರಗು ಇಟ್ಟುಕೊಂಡಿದ್ದರು.

ತಿರುವಿನ ಕಂಬದ ಹತ್ತಿರ ಬಂದಾಗ ದೊಡ್ಡಪ್ಪನ ದನಿ ಒಡೆದಿತ್ತು.

“ಅಪ್ಪನಿಗೆ ಕೊಳ್ಳಿ ಇಡೋನು ನಾನು ಕಣೋ. ಹಿರೇಮಗ ನಾನು. ನಾನು ಬರೋವರೆಗೂ ಕಾಯ್ಲಿಲ್ಲ ನೀನು. ನಾನು ಬಂದಾಗ ಬರೀ ಬೂದಿ ಇತ್ತು.”

“ಎಷ್ಟೊತ್ತು ಅಂತ ಕಾಯ್ಲೋ? ಎಲ್ಲಿದೀಯ ಅಂತ ಯಾರನ್ನ ಕೇಳ್ಲಿ? ಈ ದರಿದ್ರ ಗಿಟಾರ್ ಹೊತ್ಕೊಂಡು ಯಾವೂರಲ್ಲಿ ಕುಣೀತಿದ್ಯೋ! ನಂಗೇನ್ ಖುಷೀನಾ, ನಿನ್ ಜಾಗದಲ್ಲಿ ನಿಂತ್ಕೊಳ್ಳೋಕೆ?”

ರಸ್ತೆಯಲ್ಲಿ ನಗು ನಿಂತುಹೋಗಿತ್ತು. ಅಂದರೆ ತೆಂಗಿನಮರ ಎಂದೂ ಕಾರಣವಾಗಿರಲಿಲ್ಲ. ಅದು ಆಗ ನನಗೂ ಹೊಳೆಯಿತು.

ಅಜ್ಜಿ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದವಳು, ಕೈ ಹಾಗೇ ಮೊರದ ಮೇಲಿಟ್ಟು, ಮುಖ ಕಂಬದ ಕಡೆ ತಿರುಗಿಸಿದ್ದಳು. ಅಷ್ಟು ಜೋರಾದ ದನಿ ಅವಳ ಕಿವಿಗೂ ಚೆನ್ನಾಗಿ ಮುಟ್ಟುತ್ತಿತ್ತು.

“ಅಜ್ಜೀ, ಬೇಗ ಬಾ! ಹೊಡೆದಾಡ್ತಾ ಇದಾರೆ, ಬಿಡಿಸು ಬಾ!” ಎಂದು ಅವಳ ರಟ್ಟೆ ಎಳೆದೆ.

ಅವಳು ನನ್ನ ಕೈ ಕೊಡವಿದಳು.

“ಸುಮ್ಕಿರು ಕೂಸೇ. ಮಾತಾಡ್ತಾವ್ರೆ.”

ಅದರಿಂದ ಅವರೇನೂ ಒಂದಾಗಲಿಲ್ಲ. ಸಂಘದವರು ಬಿಡಿಸಿದ ಮೇಲೆ ಅಪ್ಪ ಬೈಯುತ್ತಲೇ ಒದ್ದೆ ನೆಲಕ್ಕೆ ಕಬ್ಬಿಣದ ಸಲಾಕೆ ಬಡಿದು, ಅದರಿಂದ ಆಂಪ್ಲಿಫೈಯರಿಗೆ ತಂತಿ ಎಳೆದರು. ಸಂಜೆ ದೊಡ್ಡಪ್ಪನೇ ಬಾರಿಸಿದರು. ಅಲ್ಲಲ್ಲಿ ತಪ್ಪಿದರು. ಮೊದಲ ಸಾಲಿನಲ್ಲಿ ಕೂತ ಅಪ್ಪ ಪ್ರತಿ ತಪ್ಪಿಗೂ “ಥೂ” ಅನ್ನುತ್ತಿದ್ದರು. ಸ್ಟೇಜಿನಿಂದ ದೊಡ್ಡಪ್ಪ ಕಣ್ಣು ಬಿಡುತ್ತಿದ್ದರು. ಮಾರನೇ ದಿನದಿಂದ ಬೈಗುಳಕ್ಕೆ ಅಜ್ಜಿಯ ಅಗತ್ಯ ಬೀಳಲಿಲ್ಲ. ನೇರವಾಗಿ, ಹಿತ್ತಲ ಬೇಲಿಯ ಮೇಲೆ, ಹೆಸರು ಹಿಡಿದು, ಊಟಕ್ಕೆ ಮುಂಚೆ ಒಂದು, ಊಟವಾದ ಮೇಲೆ ಒಂದು. ಅಜ್ಜಿ ಎರಡೂ ಬಾಗಿಲು ತೆರೆದಿಟ್ಟು ನಡುವೆ ಮಲಗುತ್ತಿದ್ದಳು. ಅವಳಷ್ಟು ಚೆನ್ನಾಗಿ ನಿದ್ದೆ ಮಾಡಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಅಜ್ಜಿ ಹೋದಳು. ಆ ಮನೆ ಕೆಡವಿದ ಜಾಗದಲ್ಲಿ ಈಗ ಪಿ.ಜಿ. ಹಾಸ್ಟೆಲ್ ಇದೆ, ಕಿಟಕಿಗೊಂದು ಟವೆಲ್ಲು. ದೊಡ್ಡಪ್ಪ ನೆಲಮಂಗಲದ ಕಡೆ ಫ್ಲ್ಯಾಟಿನಲ್ಲಿದ್ದಾರೆ. ಗಿಟಾರು ಅವರ ನಡುಮನೆಯ ಗೋಡೆಗೆ ನೇತುಬಿದ್ದಿದೆ, ನೋಡುವುದಕ್ಕೆ. ಬಾರಿಸುವವರಿಲ್ಲ. ಅಪ್ಪ ನನ್ನ ಜೊತೆ ಇದ್ದಾರೆ. ಮದುವೆ ಮುಂಜಿಗಳಲ್ಲಿ ಅಣ್ಣತಮ್ಮಂದಿರು ಸಿಗುತ್ತಾರೆ, “ಆರಾಮಾ?” “ಆರಾಮು,” ಅನ್ನುತ್ತಾರೆ, ಪಕ್ಕ ಪಕ್ಕ ಕೂತು ಊಟ ಮಾಡುತ್ತಾರೆ. ಬೆಳಿಗ್ಗೆ ದೊಡ್ಡಪ್ಪ ಅಪ್ಪನ ಫೋನಿಗೆ ಗುಲಾಬಿ ಹೂವಿನ ಚಿತ್ರ ಕಳಿಸುತ್ತಾರೆ. ಅಪ್ಪ ಕನ್ನಡಕ ಹುಡುಕಿ ಹಾಕಿಕೊಂಡು ಎರಡು ಕೈ ಮುಗಿದ ಗುರುತು ಒತ್ತುತ್ತಾರೆ. ನೆಂಟರೆಲ್ಲ ಮೆಚ್ಚುತ್ತಾರೆ, ಎಷ್ಟು ಚೆನ್ನಾಗಿದ್ದಾರೆ ನೋಡಿ, ಒಂದು ಮಾತಿಲ್ಲ ಕಥೆಯಿಲ್ಲ ಎಂದು.

ಮೊನ್ನೆ ತಡೆಯಲಾಗದೆ ಕೇಳಿದೆ: “ಅಪ್ಪಾ, ಒಂದ್ಸಲ ಫೋನ್ ಮಾಡಿ ಬಾಯಿ ತುಂಬ ಬೈದುಬಿಡಬಾರದಾ?”

ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿಕೊಂಡರು.

“ಏನಂತ ಬೈಲಮ್ಮಾ? ಅವನು ಬೆಳಿಗ್ಗೆ ಏನು ತಿಂತಾನೆ, ಸಂಜೆ ಎಲ್ಲಿ ಕೂರ್ತಾನೆ, ಒಂದೂ ಗೊತ್ತಿಲ್ಲ ನಂಗೆ. ಗೊತ್ತಿಲ್ದೋರನ್ನ ಬೈಯೋಕಾಗುತ್ತಾ?”